ಅಸಮಾಧಾನಕ್ಕೊಂದು ಇಂಗ್ಲಿಷ್ ಮಾತು

ಬಸವರಾಜಪ್ಪನವರ ಮನೆಗೆ ಟೈಪು ಮಾಡಿದ ಇಂಗ್ಲಿಷ್ ಕಾಗದ ಬಂದದ್ದು ಅದೇ ಮೊದಲು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ನಡೆದರೆ ಸಿಗುವ ಆ ಊರಿಗೆ ಮದುವೆ ಕಾರ್ಡು, ತಿಥಿ ಕಾರ್ಡು, ಸೊಸೈಟಿಯ ನೋಟೀಸು ಬಿಟ್ಟರೆ ಬೇರೇನು ಬರಬೇಕು? ಅಂಚೆಯ ದುರ್ಗಯ್ಯ ಎಂದಿನಂತೆ ಜಗಲಿಯ ಮೇಲೆ ಎಸೆದು ಹೋಗದೆ, ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಒಳಗೇ ಬಂದ.

"ಬೆಂಗ್ಳೂರಿಂದು ಯಜಮಾನ್ರೇ. ಓದ್ಸಿ, ಕೇಳ್ಕೊಂಡೇ ಹೋಯ್ತೀನಿ."

ಓದಬೇಕಾದವಳು ಮಗಳು ಗಿರಿಜಾಂಬಿಕೆ. ತಿಪಟೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ಅದರಲ್ಲೂ ಇಂಗ್ಲಿಷ್. ಏಪ್ರಿಲ್ ಪರೀಕ್ಷೆ ಪಾಸಾದರೆ ಆ ಊರಿನ ಹೆಣ್ಣುಮಕ್ಕಳಲ್ಲಿ ಪದವಿ ಪಡೆದ ಮೊದಲನೆಯವಳು. ಅಂಗಳದಲ್ಲಿ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಕಾಗದ ಬಿಡಿಸಿದಳು. ಓದುತ್ತ ಹೋದಂತೆ ಮುಖ ಬಿಳಿಚಿಕೊಂಡಿತು.

"ಏನಂತವ್ವ?" ಎಂದರು ಬಸವರಾಜಪ್ಪ.

"ನೀವು ಒಪ್ಪಿಗೆ ಕೊಟ್ಟಿದ್ದು ಅವರಿಗೆ ಬಾಳ ಸಂತೋಷವಂತೆ ಅಪ್ಪಾಜಿ. ಮಾಘದಲ್ಲಿ ನಿಶ್ಚಿತಾರ್ಥವಂತೆ. ನಾನು ಈ ತಿಂಗಳೇ ಕಾಲೇಜು ಬಿಡಬೋದಂತೆ."

"ಒಪ್ಪಿಗೇನಾ? ಯಾರ್ ಕೊಟ್ರು?"

ಯಾರೂ ಕೊಟ್ಟಿರಲಿಲ್ಲ. ಹಿಂದಿನ ಭಾನುವಾರ ಹೆಣ್ಣು ನೋಡಲು ಬಂದಿದ್ದವರು ಬೆಂಗಳೂರಿನ ಮರುಳಸಿದ್ದಯ್ಯ. ನಿವೃತ್ತ ಅಧಿಕಾರಿ. ಜೊತೆಗೆ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ ಮಗ. ಸಂಬಂಧ ತಂದವನು ಗಿರಿಜೆಯ ಸೋದರಮಾವ ಕಾಡಸಿದ್ದಪ್ಪ, ತಿಪಟೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಬಂದವರು ಒಬ್ಬಟ್ಟಿಗೆ ಕಾಯಿಹಾಲು ಹುಯ್ಯಿಸಿಕೊಂಡು ಚೆನ್ನಾಗಿಯೇ ಊಟ ಮಾಡಿದರು. ಕೈ ತೊಳೆದ ಮೇಲೆ ಮರುಳಸಿದ್ದಯ್ಯ ಚೀಲದಿಂದ ಇಂಗ್ಲಿಷ್ ಪೇಪರು ತೆಗೆದು "ಓದಮ್ಮ, ಕೇಳೋಣ" ಎಂದರು. ಗಿರಿಜೆ ಓದಿದಳು. ಒಂದು ಪದದ ಹತ್ತಿರ ತಡೆದು, ಅದನ್ನೇ ಮತ್ತೆ ಮತ್ತೆ ಹೇಳಿಸಿ, ಅವರು ನಕ್ಕರು. ಮಗನೂ ನಕ್ಕ. ಕೊನೆಗೆ ಮರುಳಸಿದ್ದಯ್ಯ, "ಇಷ್ಟು ಸಾಕು. ಮನೆಗೆ ಬಂದವರ ಹತ್ತಿರ ನಾಲ್ಕು ಮಾತಾಡಿದರೆ ಆಯಿತು. ಪರೀಕ್ಷೆ ಗಿರೀಕ್ಷೆ ಎಲ್ಲ ಯಾಕೆ?" ಎಂದು ತೀರ್ಪು ಕೊಟ್ಟರು.

ಆ ಮಾತು ಬಸವರಾಜಪ್ಪನವರಿಗೆ ನಾಟಿತು. ನಾಟಿದ್ದಕ್ಕೆ ಅವರು ಮಾಡಿದ್ದೇನು? ಎದ್ದು ಅಟ್ಟ ಹತ್ತಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಸವರಾಜಪ್ಪನವರಂಥ ಒಳ್ಳೆಯ ಮನುಷ್ಯ ಸುತ್ತ ಹಳ್ಳಿಗಳಲ್ಲಿ ಇರಲಿಲ್ಲ. ಆದರೆ ಅವರ ನಾಲಿಗೆಗೆ 'ಇಲ್ಲ' ಅನ್ನುವುದು ಒಗ್ಗಿರಲೇ ಇಲ್ಲ. ಯಾರ ಮೇಲಾದರೂ ಬೇಸರ ಬಂದರೆ, ಆ ಬೇಸರ ಎಲ್ಲಿ ಮುಖದಲ್ಲಿ ಕಂಡುಬಿಡುತ್ತದೋ ಎಂದು ಹೆದರಿ, ಏಣಿ ಹತ್ತಿ, ಅಟ್ಟದ ಮೇಲೆ ವರ್ಷವಿಡೀ ಒಣಗಿದ ಉಂಡೆ ಕೊಬ್ಬರಿ, ಬಲಿತ ತೆಂಗಿನಕಾಯಿ ಚೀಲಕ್ಕೆ ತುಂಬಿ ಕೊಟ್ಟು ಕಳಿಸುತ್ತಿದ್ದರು. ಬೇಸರ ಸಣ್ಣದಾದರೆ ಕೈಚೀಲ, ದೊಡ್ಡದಾದರೆ ಗೋಣಿಚೀಲ. ಊರಿನವರಿಗೆಲ್ಲ ಇದು ಗೊತ್ತಿತ್ತು. ಬಸವರಾಜಪ್ಪ ಕೇಳದೇ ಕೊಬ್ಬರಿ ಕೊಟ್ಟರೆಂದರೆ ತೆಗೆದುಕೊಂಡವನು ಮನೆಗೆ ಹೋಗಿ, ತಾನು ಏನು ತಪ್ಪು ಮಾಡಿದೆ ಎಂದು ಯೋಚಿಸುತ್ತಿದ್ದ. ಬೆಂಗಳೂರಿನವರಿಗೆ ಹೇಗೆ ಗೊತ್ತಾಗಬೇಕು? ಕಾರಿನ ಡಿಕ್ಕಿ ಮುಚ್ಚಲಾಗದಷ್ಟು ಕಾಯಿ ಕೊಬ್ಬರಿ ತುಂಬಿದ್ದನ್ನು ನೋಡಿ, ಇದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೇನು ಅಂದುಕೊಂಡು ಹೋಗಿದ್ದರು.

"ನಾನಾಗ್ಲೇ ಅಂದೆ," ಎಂದು ಹೆಂಡತಿ ಸುವರ್ಣಮ್ಮ ಹಣೆ ಚಚ್ಚಿಕೊಂಡರು. "ನಿಮಗೆ ಸಿಟ್ಟು ಬಂದಷ್ಟೂ ಚೀಲ ದೊಡ್ಡದಾಗ್ತದೆ. ಈಗ ನೋಡಿ, ಮಗಳನ್ನೇ ಚೀಲಕ್ಕೆ ತುಂಬಿ ಕೊಟ್ಟಂಗಾಯ್ತು."

"ಬಂದೋರ್ನ ಬರಿ ಕೈಲಿ ಕಳ್ಸೋಕಾಯ್ತದೇನೇ?" ಎಂದು ಬಸವರಾಜಪ್ಪನವರ ತಾಯಿ ಶಿವರುದ್ರಮ್ಮ ಮಗನ ಪರ ವಹಿಸಿಕೊಂಡರು. "ಕೊಟ್ಟಿದ್ರಲ್ಲಿ ತೆಪ್ಪಿಲ್ಲ. ಬಾಯಿ ಬುಟ್ಟು ಒಂದ್ಮಾತು ಹೇಳ್ಬೇಕಿತ್ತು, ಅಷ್ಟೇಯ."

ದುರ್ಗಯ್ಯ ಕೇಳಬೇಕಾದದ್ದನ್ನೆಲ್ಲ ಕೇಳಿಕೊಂಡು ಸೈಕಲ್ ಹತ್ತಿದ. ಅವನ ಕಿವಿಗೆ ಹಿಡಿಸಿದ್ದು ನಿಶ್ಚಿತಾರ್ಥ ಅನ್ನುವ ಮಾತು ಒಂದೇ. ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಚಿಕ್ಕಗೌರಮ್ಮ ಹಿತ್ತಲ ಬೇಲಿಯ ಮೇಲಿಂದ ಕತ್ತು ಚಾಚಿ, "ನಮಗೆಲ್ಲ ಯಾವಾಗ್ರೀ ಸಿಹಿ ಊಟ?" ಎಂದು ಕೇಳಿಯಾಗಿತ್ತು.

ಕಾಡಸಿದ್ದಪ್ಪನನ್ನು ಕರೆಸಿದರು. ಸಂಬಂಧ ತಂದವನೇ ಬಿಡಿಸಬೇಕು ಅನ್ನುವುದು ಶಿವರುದ್ರಮ್ಮನ ನ್ಯಾಯ. ಅವನಿಗೂ ಆ ಭಾನುವಾರದ ನಗು ಹಿಡಿಸಿರಲಿಲ್ಲ. ಆದರೂ ದೊಡ್ಡವರ ವಿರೋಧ ಕಟ್ಟಿಕೊಳ್ಳಲು ಆ ಗುಮಾಸ್ತನ ಎದೆ ಒಪ್ಪಲಿಲ್ಲ.

"ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು ಭಾವ. ಅವರು ಇಂಗ್ಲಿಷಲ್ಲಿ ಬರೆದವ್ರೆ, ನಾವೂ ಇಂಗ್ಲಿಷಲ್ಲೇ ಬರೆಯನ. ಹಂಗೇ ಮೆತ್ತಗೆ."

"ಅದೇ ಸರಿ ಕಣಪ್ಪ," ಎಂದು ಬಸವರಾಜಪ್ಪ ಉಸಿರು ಬಿಟ್ಟರು. "ಕನ್ನಡದಲ್ಲಿ ಬ್ಯಾಡ ಅಂದ್ರೆ ಮುಖಕ್ಕೆ ಹೊಡೆದಂಗೆ. ಇಂಗ್ಲಿಷಲ್ಲಾದ್ರೆ ನಂಗೂ ಅರ್ಥ ಆಗಲ್ಲ, ನೋವೂ ಆಗಲ್ಲ."

ಅವರೆಕಾಳು ಸುಲಿಯುತ್ತ ಎಲ್ಲರೂ ಕೂತರು. ಕಾಡಸಿದ್ದಪ್ಪ ಕಚೇರಿಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಆ ಒಂದು ಕಾಗದಕ್ಕೆ ಸುರಿದ. ಅತ್ಯಂತ ವಿನಯಪೂರ್ವಕವಾಗಿ ಬೇಡಿಕೊಂಡು, ತಮ್ಮ ಪಾದಸನ್ನಿಧಿಗೆ ನಿವೇದಿಸಿಕೊಳ್ಳುವುದೇನೆಂದರೆ, ಕೆಲವು ವಿಷಯಗಳಲ್ಲಿ ನಮಗೆ ಕಿಂಚಿತ್ ಪ್ರಮಾಣದ ಅಸಮಾಧಾನ ಉಂಟಾಗಿರುವ ಸಾಧ್ಯತೆಯನ್ನು ತಾವು ದಯವಿಟ್ಟು ಮನ್ನಿಸಬೇಕು. ಹೀಗೆಂದು ಗಿರಿಜೆ ಅದನ್ನು ಕನ್ನಡ ಮಾಡಿ ಹೇಳಿ, ಕೇಳಿದಳು:

"ಅಸಮಾಧಾನ ಆಗಿರೋದು ನಮಗೆ. ಮನ್ನಿಸಿ ಅಂತ ಕೇಳೋದೂ ನಾವೇನಾ ಮಾವ?"

"ಹೆಣ್ಣಿನ ಕಡೆಯೋರು ಕಣೇ ನಾವು. ಅವರು ಕಡ್ಡಿ ಮುರಿದಂಗೆ ಬರೀತಾರೆ, ನಾವು ಬೆಣ್ಣೇಲಿ ಕೂದಲು ತೆಗೆದಂಗೆ ಬರೀಬೇಕು. ಬರಹ ತಿಳಿದೋರಿಗೆ ಇಷ್ಟರಲ್ಲೇ ತಿಳೀತದೆ."

ತಿಳಿಯಲಿಲ್ಲ. ವಾರ ಕಳೆದ ಮೇಲೆ ಬಂದ ಉತ್ತರದಲ್ಲಿ ಮರುಳಸಿದ್ದಯ್ಯ ಆ ವಿನಯವನ್ನು ಬಹಳ ಹೊಗಳಿದ್ದರು. ಸಣ್ಣಪುಟ್ಟ ಅಸಮಾಧಾನ ಎಲ್ಲ ಸಂಬಂಧದಲ್ಲೂ ಇರುತ್ತದೆ, ನಿಶ್ಚಿತಾರ್ಥದ ದಿನ ಕೂತು ಮಾತಾಡಿಕೊಳ್ಳೋಣ, ಹುಡುಗಿಗೆ ಯಾವ ಬಣ್ಣದ ಸೀರೆ ಆಗಬಹುದು ತಿಳಿಸಿ ಎಂದು ಕೇಳಿದ್ದರು. ಅದನ್ನು ಓದಿ ಗಿರಿಜೆಗೆ ಅಳು ಬಂತು. ಅಳುತ್ತಲೇ ಬಸ್ಸಿಗೆ ಹೊರಟಳು. ಅವಳು ಕಾಲೇಜು ತಪ್ಪಿಸುವವಳಲ್ಲ.

ಮಗಳ ಕಣ್ಣೀರು ನೋಡಿದ ಬಸವರಾಜಪ್ಪನವರಿಗೆ ಧೈರ್ಯ ಬಂತು. "ನಾನೇ ಹೋಗಿ ಹೇಳ್ಬಿಟ್ಟು ಬತ್ತೀನಿ" ಎಂದು ಮರುದಿನ ಮುಂಜಾನೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ಬೆಂಗಳೂರಿನ ಬಸ್ಸು ಹಿಡಿದರು. ಮನೆಯವರೆಲ್ಲ ದಾರಿ ಕಾಯುತ್ತ ಕೂತರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಕೈಯಲ್ಲೊಂದು ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದು ಜಗಲಿಯ ಮೇಲೆ ಕುಕ್ಕರಿಸಿದರು.

"ಏನಂದ್ರಿ?" ಎಂದರು ಸುವರ್ಣಮ್ಮ.

"ಊಟ ಚೆನ್ನಾಗಿತ್ತು."

"ಊಟದ ಮಾತಲ್ಲ. ನೀವೇನಂದ್ರಿ?"

"ಅವರೇ ಮಾತಾಡ್ತಿದ್ರು ಕಣೇ. ನಡುವೆ ಬಾಯಿ ಹಾಕೋಕೆ ಜಾಗ ಸಿಗಲಿಲ್ಲ."

ಒಳಗೆ ಹೋಗಿ ಬಂದ ಗಿರಿಜೆಯ ತಮ್ಮ ಹಾಲಸ್ವಾಮಿ, "ಅಮ್ಮಾ, ಅಟ್ಟದ ಬಾಯಲ್ಲಿದ್ದ ಕೊಬ್ಬರಿ ಚೀಲ ಕಾಣ್ತಿಲ್ಲ" ಎಂದ. ಬಸವರಾಜಪ್ಪ ತಲೆ ತಗ್ಗಿಸಿದರು. ಸುವರ್ಣಮ್ಮ ಮೈಸೂರು ಪಾಕಿನ ಡಬ್ಬಿಯನ್ನು ತೆಗೆದುಕೊಂಡು ಹೋಗಿ ದನದ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ ಬಂದರು. ಅದನ್ನು ಯಾರೂ ಮುಟ್ಟಲಿಲ್ಲ. ಹಾಲಸ್ವಾಮಿ ಮಾತ್ರ ಮುಟ್ಟಿದ.

ಆಮೇಲೆ ಮುಂದಾಳತ್ವ ವಹಿಸಿದವನು ಅವನೇ. ಪಿ.ಯು.ಸಿ. ಓದುತ್ತಿದ್ದ, ತಿಪಟೂರಿನ ಟಾಕೀಸಿಗೆ ಬರುವ ಇಂಗ್ಲಿಷ್ ಚಿತ್ರಗಳನ್ನು ಅರ್ಥವಾಗದಿದ್ದರೂ ಬಿಡದೆ ನೋಡುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತ ಹೇಳಿದ: "ಮಾವಂದು ಕಚೇರಿ ಇಂಗ್ಲಿಷು. ಅದರಲ್ಲಿ ಬೈದ್ರೆ ಹೊಗಳ್ದಂಗೇ ಕೇಳ್ತದೆ. ನಾನ್ ಬರೀತೀನಿ ನೋಡು, ಒಂದೇ ಸಾಲು. ವಿ ಆರ್ ಫೆಡ್ ಅಪ್ ವಿತ್ ಯೂ."

"ಏನ್ಲಾ ಹಂಗಂದ್ರೆ?" ಎಂದರು ಶಿವರುದ್ರಮ್ಮ.

"ನಿಮ್ಮಿಂದ ನಾವು ರೋಸಿಹೋಗಿದೀವಿ ಅಂತ ಅಜ್ಜಿ."

ಶಿವರುದ್ರಮ್ಮ ಮಜ್ಜಿಗೆ ಲೋಟ ಕೆಳಗಿಟ್ಟರು. "ರೋಸಿಹೋಗಾಕೆ ಅವರ ಕೂಡೆ ನಾವೇನು ಬಾಳ್ವೆ ಮಾಡಿದೀವೇನ್ಲಾ? ಉಂಡೋಗಿರೋದು ಒಂದೊತ್ತು. ನಿಮ್ಮ ತಾತನ ಕೂಡೆ ಬಾಳಿ ಬದುಕಿ ನಾನು ರೋಸಿಹೋಗಿದ್ದೆ, ನಂಗೆ ಆ ಮಾತು ಸಲ್ತದೆ. ನೀನು ರೋಸಿಹೋದೆ ಅಂದ್ರೆ ಅವರು ನಮ್ಮೋರಾಗೋದ್ರು ಅಂತ್ಲೇ ಅರ್ಥ."

ಗಿರಿಜೆ ಅಜ್ಜಿಯನ್ನೇ ನೋಡುತ್ತ ಕೂತಳು. ಸಾರು ಆರಿಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಮರುದಿನ ಅವಳು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಶ್ರೀರಂಗಯ್ಯನವರ ಎದುರು ನಿಂತಳು. ನಿವೃತ್ತಿಗೆ ಹತ್ತಿರದ ಸಜ್ಜನ, ಕೋಟಿನ ಮೇಲೆ ಸೀಮೆಸುಣ್ಣದ ಪುಡಿ ಸದಾ ಇರುತ್ತಿತ್ತು.

"ಸರ್, ಅಸಮಾಧಾನ ಅನ್ನೋದಕ್ಕೆ ಇಂಗ್ಲಿಷಲ್ಲಿ ಯಾವ ಮಾತು ಸರಿ?"

"ಯಾರು ಯಾರಿಗೆ ಹೇಳೋದಮ್ಮ? ಮೊದಲು ಅದನ್ನ ಹೇಳು. ಗೆಳತಿಗಾದ್ರೆ ಫೆಡ್ ಅಪ್ ಅನ್ನು, ಸಲಿಗೆಯ ಮಾತು. ಡಿಸ್‌ಪ್ಲೀಸ್ಡ್ ಅನ್ನೋದು ಮೇಲಿದ್ದವರು ಕೆಳಗಿನವರಿಗೆ ಹೇಳೋದು. ಹಿಂದೆ ದೊರೆಗಳಿಗೆ ಹಾಗಾಗ್ತಿತ್ತು. ಡಿಸ್‌ಸ್ಯಾಟಿಸ್‌ಫೈಡ್ ಅನ್ನೋದು ಗಂಭೀರ, ಬರವಣಿಗೆಗೆ ಒಪ್ಪುತ್ತೆ. ಹಾಗೇ ಅನ್‌ಹ್ಯಾಪಿ ಅಂತ ಒಂದಿದೆ, ಅದು ಎಲ್ಲಿ ಬೇಕಾದರೂ ಸಲ್ಲುತ್ತೆ, ಅದಕ್ಕೇ ಎಲ್ಲೂ ನಾಟೋದಿಲ್ಲ."

"ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಹೇಳೋದಾದ್ರೆ ಸರ್?"

ಶ್ರೀರಂಗಯ್ಯ ಕನ್ನಡಕ ತೆಗೆದು ಒರೆಸಿದರು.

"ಅದಕ್ಕೆ ಅವರ ಡಿಕ್ಷನರಿಯಲ್ಲಿ ಜಾಗ ಇಲ್ಲಮ್ಮ. ನಮ್ಮದರಲ್ಲೂ ಇದ್ದ ಹಾಗಿಲ್ಲ. ನೀನೇ ಒಂದು ಆರಿಸಿಕೊ. ಆರಿಸಿದ ಮೇಲೆ ಅದರ ಹಿಂದೆ ಮುಂದೆ ಸಕ್ಕರೆ ಸೇರಿಸಬೇಡ."

ಗಿರಿಜೆ ಮನೆಗೆ ಬಂದು, ತಾನೇ ಕಾಗದ ಬರೆಯುವುದಾಗಿ ಹೇಳಿದಳು. ಸುವರ್ಣಮ್ಮ ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ಹೋಗಿ ಹಾಲು ಕರೆಯಲು ಕೂತರು. ನೇರವಾಗಿ ಹೇಳಲಾಗದ್ದನ್ನು ಅವರು ಹಸುವಿಗೆ ಹೇಳುತ್ತಿದ್ದರು. ಗಂಡನಿಗೆ ಅಟ್ಟ ಇದ್ದರೆ ಹೆಂಡತಿಗೆ ಕೊಟ್ಟಿಗೆ.

"ಕೇಳಿದೇನೇ ಕೆಂಪೀ? ನಮ್ಮನೇಲಿ ಮದುವೆ ಕಾಗದ ಹುಡುಗೀರೇ ಬರೀತಾರಂತೆ. ಅವರ ಕೈಬರಹ ಬೆಂಗ್ಳೂರಿಗೆ ಹೋಗ್ತದಂತೆ. ನಾಳೆ ಹಂದನಕೆರೆ ಕಡೆಯೋರು, ತುರುವೇಕೆರೆ ಕಡೆಯೋರು ಕೇಳಿದ್ರೆ, ಹೆಣ್ಣು ಬಾಯಿ ಜೋರು ಅಂತ ಒಬ್ರೂ ಈ ಕಡೆ ತಲೆ ಹಾಕಲ್ಲ. ಆಗ ಬಿ.ಎ. ಕಟ್ಕೊಂಡು ಮನೇಲಿರ್ತಾಳಂತೆ."

ಗಿರಿಜೆ ಕರು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವಳೂ ಹಸುವಿಗೇ ಉತ್ತರ ಕೊಟ್ಟಳು. "ಕೆಂಪೀ, ಇರ್ತೀನಿ ಅಂತ ಹೇಳು. ಆದ್ರೆ ನಾನು ಓದೋದ್ ಕೇಳಿ ಅಪ್ಪ ಮಗ ಕೂತ್ಕೊಂಡು ನಗೋ ಮನೇಲಿ ಇರಲ್ಲ ಅಂತಾನೂ ಹೇಳು."

ಚೊಂಬಿಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು. ಸುವರ್ಣಮ್ಮ ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಕೂತಿದ್ದರು.

"ನಾನೂ ಕಂಡೆ ಕಣೇ," ಎಂದರು ಕೊನೆಗೆ, ಮಗಳಿಗೇ. "ಅವರು ನಕ್ಕಾಗ ನಾನು ಬಾಗಿಲ ಹಿಂದೆ ಇದ್ದೆ. ನಿನಗೆ ಅಷ್ಟು ಬರ್ತದೆ, ನಾಲ್ಕು ಜನರ ಮುಂದೆ ಹಂಗೆ ಓದ್ತೀಯ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಎದೆ ತುಂಬಿಬಂದಿತ್ತು. ಅಷ್ಟ್ರಲ್ಲಿ ನಕ್ಕುಬಿಟ್ರು." ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಬರಿ. ಚೆನ್ನಾಗಿ ಬರಿ. ಆದ್ರೆ ನಿಮ್ಮಪ್ಪನ ರುಜು ಇರ್ಬೇಕು. ನಿನ್ನ ಒಬ್ಬಳನ್ನೇ ಮುಂದೆ ಮಾಡೋಕೆ ನಾನು ಬಿಡಲ್ಲ."

ಸುವರ್ಣಮ್ಮನನ್ನು ಹೆದರುಪುಕ್ಕಲಿ ಅನ್ನುವವರಿದ್ದರು. ಅವರಿಗೆ ಆ ಹೆಂಗಸಿನ ಬೆಲೆ ಗೊತ್ತಿರಲಿಲ್ಲ.

ಗಿರಿಜೆ ಬರೆದ ಕಾಗದ ಅಂಗೈಯಗಲ. ಭಾನುವಾರ ಮಧ್ಯಾಹ್ನ ಬಸವರಾಜಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದಾಗ ಅವಳು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿ ಕನ್ನಡ ಮಾಡಿ ಹೇಳಿದಳು.

"ನೀವು ನಮ್ಮ ಮನೇಲಿ ನಡಕೊಂಡ ರೀತಿ ನಮಗೆ ಸಮಾಧಾನ ತಂದಿಲ್ಲ. ಇದನ್ನ ನೀವು ಸರಿಮಾಡಿಕೊಡಿ ಅಂತ ನಾವು ಕೇಳ್ತಾ ಇಲ್ಲ. ಈ ಸಂಬಂಧ ನಮಗೆ ಬೇಡ. ನಮ್ಮ ಹುಡುಗಿ ಏಪ್ರಿಲ್‌ನಲ್ಲಿ ಪರೀಕ್ಷೆಗೆ ಕೂರ್ತಾಳೆ. ನಿಮಗೆ ಶರಣು."

"ಅಷ್ಟೇನಾ?"

"ಅಷ್ಟೇ ಅಪ್ಪಾಜಿ."

"ಸಮಾಧಾನ ಇಲ್ಲ ಅನ್ನೋದಕ್ಕೆ ಯಾವ ಮಾತು ಹಾಕಿದೀಯ?"

"ಡಿಸ್‌ಸ್ಯಾಟಿಸ್‌ಫೈಡ್. ಮಾವ ಬರೆದಂಗೆ ಕಾಲಿಗೆ ಬೀಳೋದೂ ಇಲ್ಲ, ಹಾಲಸ್ವಾಮಿ ಹೇಳ್ದಂಗೆ ಸಲಿಗೆಯದೂ ಅಲ್ಲ. ಅವರಿಗಿಂತ ನಾವು ಮೇಲು ಅಂತಾನೂ ಇಲ್ಲ. ಎದುರಿಗೆ ಸಮನಾಗಿ ಕೂತು ಹೇಳಿದಂಗೆ ಇರ್ತದೆ."

ಬಸವರಾಜಪ್ಪ ಹಗ್ಗ ಬದಿಗಿಟ್ಟು ಮಗಳ ಮುಖವನ್ನು ನೋಡಿದರು. ಇಷ್ಟು ವರ್ಷ ಇವಳು ಬಸ್ಸು ಹತ್ತಿ ಹೋಗಿ ಏನು ಕಲಿತು ಬರುತ್ತಾಳೆಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಇಂಥದ್ದನ್ನು ಕಲಿಯುತ್ತಾಳೆಂದು ಗೊತ್ತಿದ್ದರೆ ಕೇಳುತ್ತಿದ್ದರು. ಪೆನ್ನು ತೆಗೆದುಕೊಂಡು, ದೊಡ್ಡ ಕನ್ನಡ ಅಕ್ಷರಗಳಲ್ಲಿ, ನಿಧಾನವಾಗಿ ರುಜು ಹಾಕಿದರು.

ಉತ್ತರ ಬರಲಿಲ್ಲ. ಮಾಘ ಹತ್ತಿರವಾಗುತ್ತಿತ್ತು. ಊರು ಇನ್ನೂ ನಿಶ್ಚಿತಾರ್ಥದ ಮಾತನ್ನೇ ಆಡುತ್ತಿತ್ತು. ಎಲ್ಲ ಮುಗಿಯಿತೋ ಇನ್ನೂ ಇದೆಯೋ ತಿಳಿಯದೆ ಮನೆಯವರು ಚಿಕ್ಕಗೌರಮ್ಮನಿಗೆ ಹಾರಿಕೆಯ ಉತ್ತರ ಹೇಳಿ ಹೇಳಿ ಸುಸ್ತಾದರು. ಹಾಗಿರುವಾಗ ಒಂದು ಬೆಳಿಗ್ಗೆ ಮರುಳಸಿದ್ದಯ್ಯನವರ ಕಾರು ಬಂದು ಬಾಗಿಲಲ್ಲಿ ನಿಂತಿತು. ಈ ಸಲ ಮಗ ಬಂದಿರಲಿಲ್ಲ.

"ಶರಣು ಬನ್ನಿ" ಎಂದು ಬಸವರಾಜಪ್ಪ ಚಾಪೆ ಹಾಸಿದರು. ಕಾಲಿಗೆ ನೀರು, ಕುಡಿಯಲು ಎಳನೀರು, ಆಮೇಲೆ ಉಪ್ಪಿಟ್ಟು, ಕಾಫಿ. ಮರುಳಸಿದ್ದಯ್ಯ ನಗುತ್ತಲೇ ಇದ್ದರು. ತಟ್ಟೆ ಬದಿಗೆ ಸರಿಸಿ, ಜೇಬಿನಿಂದ ಗಿರಿಜೆಯ ಕಾಗದ ತೆಗೆದು ಹರಡಿದರು. ಅದರ ತುಂಬ ಕೆಂಪು ಶಾಯಿ.

"ನಿಮ್ಮ ಹುಡುಗಿಯ ಇಂಗ್ಲಿಷಿನಲ್ಲಿ ತಪ್ಪಿಲ್ಲ ಬಸವರಾಜಪ್ಪ, ಶಹಬ್ಬಾಸ್ ಅನ್ನಬೇಕು. ಆದರೆ ದೊಡ್ಡವರಿಗೆ ಬರೆಯೋ ಧಾಟಿ ಗೊತ್ತಿಲ್ಲ. ಮಕ್ಕಳು, ಪಾಪ. ನಾನೇ ಕೂತು ತಿದ್ದಿದೀನಿ. ಹೀಗೆ ಇನ್ನೊಂದು ಪ್ರತಿ ಬರೆದುಕೊಡಲಿ. ಹಳೆಯದನ್ನು ನಾನು ನೋಡೇ ಇಲ್ಲ ಅಂತ ಅಂದುಕೊಳ್ತೀನಿ. ಮಾಘದಲ್ಲಿ ನಿಶ್ಚಿತಾರ್ಥ ಇಟ್ಟುಕೊಳ್ಳೋಣ. ಏನಂತೀರಿ?"

ಅಡುಗೆಮನೆಯಲ್ಲಿ ಸುವರ್ಣಮ್ಮ ಮಗಳ ಕೈ ಹಿಡಿದುಕೊಂಡರು. ಗಂಡನನ್ನು ಅವರು ಬಲ್ಲರು. ಕಾಫಿ ಕುಡಿದು, ನಗುನಗುತ್ತ ಮಾತಾಡುವ ಮನುಷ್ಯ ಎದುರಿಗೆ ಕೂತಿದ್ದರೆ ಅವರು ತಲೆಯಾಡಿಸದೆ ಇರಲಾರರು.

ಬಸವರಾಜಪ್ಪ ಆ ಕಾಗದವನ್ನು ಎತ್ತಿ ನೋಡಿದರು. "ಗಿರಿಜಾ, ಬಾ ಇಲ್ಲಿ" ಎಂದು ಕರೆದರು. "ಇವರು ತಿದ್ದಿರೋದು ಏನು ಅಂತ ಕನ್ನಡದಲ್ಲಿ ಹೇಳು."

ಗಿರಿಜೆ ಬಾಗಿಲ ಬಳಿ ನಿಂತು ಕಾಗದ ಹಿಡಿದಳು. "ಅಸಮಾಧಾನ ಅನ್ನೋದನ್ನ ಹೊಡೆದು, ಸ್ವಲ್ಪ ಕಳವಳ ಅಂತ ಹಾಕಿದಾರೆ. ಈ ಸಂಬಂಧ ಬೇಡ ಅನ್ನೋದನ್ನ ಹೊಡೆದು, ನಿಮ್ಮ ಮಾರ್ಗದರ್ಶನ ಕೋರ್ತೀವಿ ಅಂತ ಹಾಕಿದಾರೆ. ಪರೀಕ್ಷೆ ಸಾಲು ಪೂರಾ ಹೊಡೆದಿದಾರೆ. ಕೊನೇಲಿ, ತಮ್ಮ ವಿಧೇಯ."

"ವಿಧೇಯ ಯಾರು?"

"ನೀವು ಅಪ್ಪಾಜಿ. ನಿಮ್ಮ ರುಜು ಮೇಲೆ ಬರೆದಿದಾರೆ."

ಬಸವರಾಜಪ್ಪ ಎದ್ದು ನಿಂತರು. ಮೂಲೆಯಲ್ಲಿ ಕೂತಿದ್ದ ಶಿವರುದ್ರಮ್ಮ ಕಣ್ಣು ಮುಚ್ಚಿಕೊಂಡರು. ಮಗ ಏಣಿ ಹತ್ತುವುದನ್ನು ನೋಡಲು ಅವರಿಗೆ ಮನಸ್ಸಿರಲಿಲ್ಲ. ಹಾಲಸ್ವಾಮಿಯಂತೂ ಖಾಲಿ ಗೋಣಿಚೀಲವನ್ನು ಕಾಲಿನಿಂದ ಮಂಚದಡಿಗೆ ತಳ್ಳಿಯೇಬಿಟ್ಟ. ಬಸವರಾಜಪ್ಪ ಏಣಿಯ ಕಡೆ ನೋಡಿದರು. ನಂತರ ಮತ್ತೆ ಬಂದು, ಮರುಳಸಿದ್ದಯ್ಯನವರ ಎದುರಿಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಸ್ವಾಮಿ, ಕಾಗದ ಬರೆದೋಳು ನನ್ನ ಮಗಳು. ಒಂದೊಂದ್ ಮಾತೂ ಕೇಳ್ಕೊಂಡು, ತಿಳ್ಕೊಂಡು ರುಜು ಹಾಕಿದೋನು ನಾನು. ಇಂಗ್ಲಿಷು ತಿದ್ದೋಕೆ ನಿಮಗೆ ಬರ್ತದೆ, ನಂಗೆ ಬರಲ್ಲ. ಆದ್ರೆ ಒಳಗಿರೋ 'ಬ್ಯಾಡ' ನಂದು. ಅದನ್ನ ಹೊಡೆಯೋಕೆ ನಿಮಗೆ ಅಧಿಕಾರ ಇಲ್ಲ." ಉಸಿರು ತೆಗೆದುಕೊಂಡರು. "ಹುಡುಗೀನ ಕೊಡಲ್ಲ."

ಮರುಳಸಿದ್ದಯ್ಯ ನಕ್ಕರು. ಯಾರೂ ಜೊತೆಗೂಡಲಿಲ್ಲ. ನಗು ತಾನಾಗಿಯೇ ನಿಂತಿತು.

"ಯೋಚನೆ ಮಾಡಿ ಹೇಳ್ತಿದೀರಾ? ಇಂಥ ಮನೆತನ..."

"ಯೋಚನೆ ಮಾಡೇ ಹೇಳ್ತಿದೀನಿ. ಕೊಡಲ್ಲ ಸ್ವಾಮಿ."

ಎರಡನೆಯ ಸಲ ಹೇಳುವಾಗ ಮಾತು ಸಲೀಸಾಗಿ ಬಂತು. ಮರುಳಸಿದ್ದಯ್ಯ ಚಪ್ಪಲಿ ಹುಡುಕಿಕೊಂಡರು. ಸುವರ್ಣಮ್ಮ ಮರ್ಯಾದೆಗೆ ತಾಂಬೂಲದ ತಟ್ಟೆ ಹಿಡಿದು ಬರುವಷ್ಟರಲ್ಲಿ ಕಾರು ಹೊರಟುಹೋಗಿತ್ತು. ಬೇಲಿಯಾಚೆ ಚಿಕ್ಕಗೌರಮ್ಮನ ತಲೆ ಕಂಡಿತು. ಈ ಸಲ ಸುವರ್ಣಮ್ಮ ಕೊಟ್ಟಿಗೆಗೆ ಹೋಗದೆ ಬೇಲಿಯ ಹತ್ತಿರಕ್ಕೇ ಹೋದರು. "ಆ ಸಂಬಂಧ ನಾವೇ ಬ್ಯಾಡ ಅಂದ್ವಿ ಕಣ್ರೀ. ನಮ್ಮ ಹುಡುಗಿ ಪರೀಕ್ಷೆಗೆ ಓದ್ಬೇಕು. ನಾಲ್ಕು ಜನಕ್ಕೆ ಹೇಳಿ" ಎಂದು ಗಟ್ಟಿಯಾಗಿ ಹೇಳಿ ಬಂದರು.

ಬಸವರಾಜಪ್ಪ ಕೂತ ಜಾಗದಿಂದ ಏಳಲಿಲ್ಲ. ಗಿರಿಜೆ ನೀರು ತಂದುಕೊಟ್ಟಳು. ಅರ್ಧ ಕುಡಿದು, ಶಾಲೆಯ ಹುಡುಗ ಮೇಷ್ಟ್ರನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು:

"ನಾನಂದಿದ್ದು ಸರಿಯಾಗಿತ್ತೇನವ್ವ?"

"ಸರಿಯಾಗಿತ್ತು ಅಪ್ಪಾಜಿ."

"ಜೋರಾಗಿಹೋಯ್ತಾ?"

"ಇಲ್ಲ."

"ಮೆತ್ತಗಾಯ್ತಾ?"

"ಅದೂ ಇಲ್ಲ ಅಪ್ಪಾಜಿ. ಎಷ್ಟು ಬೇಕೋ ಅಷ್ಟೇ ಇತ್ತು."

ಬಸವರಾಜಪ್ಪ ಉಳಿದ ನೀರು ಕುಡಿದು ಮೀಸೆ ಒರೆಸಿಕೊಂಡರು.

"ಇನ್ನೊಂಚೂರು ಜೋರಾಗೇ ಅನ್ಬೋದಿತ್ತು ಕಣವ್ವ," ಎಂದರು.